ಅರ್ಧ ಕಂಡಿಕೆ ಓದಿ ಜಗಳಕ್ಕೆ ನಿಂತವರು

ಸಂಪಾದಕರಿಗೆ,

ಮಾನ್ಯರೇ,

ಹೊರದೇಶಗಳ ವಲಸೆ ಜಗಳದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರುವ ಬಲಪಂಥೀಯ ಅಂಕಣಗಳದು ಹೆಚ್ಚುಕಡಿಮೆ ಒಂದೇ ಅಚ್ಚು. ಪೋಪ್ ‘ಬಾಗಿಲು ತೆಗೆಯಿರಿ’ ಅನ್ನುತ್ತಾರೆ, ಊರಿನವರು ‘ಆಗುವುದಿಲ್ಲ’ ಅನ್ನುತ್ತಾರೆ, ಊರಿನವರ ಮಾತನ್ನು ಎತ್ತಿ ಹಿಡಿದವನು ಚುನಾವಣೆ ಗೆಲ್ಲುತ್ತಾನೆ. ಇದಕ್ಕೆ ಎಡದಿಂದ ಬರುವ ಉತ್ತರಗಳದೂ ಅದೇ ಅಚ್ಚು. ನಾಯಕ, ಖಳನಾಯಕ ಮಾತ್ರ ಅದಲುಬದಲು. ಗಡಿ ಇರಬೇಕು, ಒಳಗೆ ಯಾರು ಬರಬೇಕೆಂದು ಆ ದೇಶವೇ ತೀರ್ಮಾನಿಸಬೇಕು ಎನ್ನುವವರ ಸಾಲಿನಲ್ಲೇ ನಿಂತು ಈ ಪತ್ರ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟು: ಕಥೋಲಿಕ ಧರ್ಮಸಭೆ ಈ ವಿಷಯದಲ್ಲಿ ಏನು ಬರೆದಿಟ್ಟಿದೆ ಎಂದು ನಮ್ಮ ಕಡೆಯ ಅಂಕಣಕಾರರು ತೆರೆದು ನೋಡುವುದಿಲ್ಲ. ನೋಡಿದ್ದರೆ ಅವರ ವಾದಕ್ಕೆ ಬೇಕಾದದ್ದರಲ್ಲಿ ಅರ್ಧ ಅಲ್ಲೇ ಸಿಗುತ್ತಿತ್ತು. ಮಿಕ್ಕ ಅರ್ಧಕ್ಕೆ ಉತ್ತರ ಕೊಡಬೇಕಾಗುತ್ತಿತ್ತು.

ಮೊದಲು ಪದದ ಗೊಂದಲ. ಸಾಗರ, ಹೊಸನಗರದ ಕಡೆ ‘ನಿರಾಶ್ರಿತರು’ ಎಂದರೆ ಲಿಂಗನಮಕ್ಕಿಯ ಹಿನ್ನೀರಿಗೆ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟು ಎದ್ದುಬಂದವರೂ ಹೌದು. 1951ರ ಜಿನೀವಾ ಒಪ್ಪಂದದ ಲೆಕ್ಕದಲ್ಲಿ ಅವರು ನಿರಾಶ್ರಿತರಲ್ಲ. ಆ ಒಪ್ಪಂದದ ಪ್ರಕಾರ ಮನುಷ್ಯ ತನ್ನ ದೇಶದ ಗಡಿ ದಾಟಿರಬೇಕು; ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದರಲ್ಲಿ ಒಂದರ ಕಾರಣಕ್ಕೆ ತನಗೆ ಹಿಂಸೆಯಾಗುತ್ತದೆ ಎಂಬ ಭಯಕ್ಕೆ ಆಧಾರ ಇರಬೇಕು. ಬಡತನ ಆ ಐದರಲ್ಲಿಲ್ಲ, ಬರಗಾಲವೂ ಇಲ್ಲ. ಬರೀ ಯುದ್ಧವೂ ಇಲ್ಲ. ಯುದ್ಧದಿಂದ ಓಡಿಬಂದವರಿಗೆಂದು ಯುರೋಪಿನ ಕಾನೂನು ‘ಪೂರಕ ರಕ್ಷಣೆ’ ಎಂಬ ಇನ್ನೊಂದು ದರ್ಜೆ ಇಟ್ಟುಕೊಂಡಿದೆ. ಅರ್ಜಿ ಹಾಕಿ ತೀರ್ಪಿಗೆ ಕಾಯುತ್ತಿರುವವನು ಆಶ್ರಯಾರ್ಥಿ. ಅರ್ಜಿ ಬಿದ್ದುಹೋದ ಮೇಲೂ ಉಳಿದುಕೊಂಡವನು ವಾಪಸು ಹೋಗಬೇಕಾದವನು. ಈ ನಾಲ್ವರನ್ನೂ ನಮ್ಮ ಅನುವಾದಗಳು ಒಂದು ದಿನ ‘ನಿರಾಶ್ರಿತರು’ ಎಂದೂ ಮರುದಿನ ‘ಅಕ್ರಮ ವಲಸಿಗರು’ ಎಂದೂ ಕರೆಯುತ್ತವೆ. ಯಾವ ಪದ ಬರುತ್ತದೆ ಎನ್ನುವುದು ಸುದ್ದಿ ಬರೆದವರ ಒಲವನ್ನು ಅವಲಂಬಿಸಿರುತ್ತದೆ. ಅಂದಹಾಗೆ, ಭಾರತ ಈ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ.

‘ಜನಪ್ರಿಯ ರಾಜಕಾರಣ’ ಎಂಬ ಮಾತೂ ಹೀಗೇ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಹಾಗೆಂದರೆ ಉಚಿತ ಅಕ್ಕಿ, ಸಾಲಮನ್ನಾ. ಹಂಗೇರಿ, ಇಟಲಿ, ಜರ್ಮನಿಯ ಸುದ್ದಿಯಲ್ಲಿ ಅದರ ಅರ್ಥ ಬೇರೆ: ‘ನಿಜವಾದ ಜನ’ ಒಂದು ಕಡೆ, ಅವರಿಗೆ ಮೋಸ ಮಾಡಿದ ಮೇಲಿನವರು ಇನ್ನೊಂದು ಕಡೆ ಎಂದು ಗೆರೆ ಎಳೆಯುವ ರಾಜಕಾರಣ. ಆ ಮೇಲಿನವರ ಪಟ್ಟಿಗೆ ಈಗ ಬಿಷಪ್ಪರೂ ಸೇರಿದ್ದಾರೆ. ಹೊಸ ಬೆಳವಣಿಗೆ ಎಂದರೆ ಇದೇ.

ಇನ್ನು ಧರ್ಮಸಭೆಯ ಮಾತು. (ಶಿವಮೊಗ್ಗ ಧರ್ಮಪ್ರಾಂತ್ಯದ ಕಥೋಲಿಕರೂ ಕನ್ನಡದಲ್ಲಿ ಪೋಪ್ ಅವರನ್ನು ‘ಜಗದ್ಗುರು’ ಎಂದೇ ಕರೆಯುತ್ತಾರೆ. ಶೃಂಗೇರಿ ಇಷ್ಟು ಹತ್ತಿರವಿರುವ ನಾಡಿನಲ್ಲಿ ಇದಕ್ಕೆ ಯಾರೂ ತಕರಾರು ತೆಗೆದಿಲ್ಲ ಎನ್ನುವುದು ಸಮಾಧಾನದ ಸಂಗತಿ.) 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 2241ನೇ ಕಂಡಿಕೆ ಈ ಇಡೀ ಜಗಳದ ಕೀಲಿ. ಅದರಲ್ಲಿ ಎರಡು ಭಾಗ. ಮೊದಲನೆಯದು: ತನ್ನ ದೇಶದಲ್ಲಿ ಸಿಗದ ಸುರಕ್ಷತೆಯನ್ನೂ ಜೀವನೋಪಾಯವನ್ನೂ ಅರಸಿ ಬಂದ ಪರದೇಶಿಯನ್ನು ಸಿರಿವಂತ ದೇಶಗಳು ತಮ್ಮ ಶಕ್ತಿ ಇದ್ದಷ್ಟು ಬರಮಾಡಿಕೊಳ್ಳಬೇಕು. ಎರಡನೆಯದು: ಸಾರ್ವಜನಿಕ ಹಿತದ ಹೊಣೆ ಹೊತ್ತ ಸರ್ಕಾರ ವಲಸೆಗೆ ಕಾನೂನಿನ ಷರತ್ತು ಹಾಕಬಹುದು, ಬಂದವರು ಆ ದೇಶದ ಭೌತಿಕ ಮತ್ತು ಆಧ್ಯಾತ್ಮಿಕ ಪರಂಪರೆಯನ್ನು ಕೃತಜ್ಞತೆಯಿಂದ ಗೌರವಿಸಬೇಕು, ಕಾನೂನು ಪಾಲಿಸಬೇಕು, ನಾಗರಿಕ ಹೊರೆಯಲ್ಲಿ ಹೆಗಲು ಕೊಡಬೇಕು.

‘ಜೀವನೋಪಾಯ’ ಎಂಬ ಪದವನ್ನು ಗಮನಿಸಬೇಕು. ಜಿನೀವಾ ಒಪ್ಪಂದ ಬಡತನವನ್ನು ಹೊರಗಿಟ್ಟಿತು, ಧರ್ಮಸಭೆ ಒಳಗಿಟ್ಟಿತು. ಬಿಷಪ್ ಒಬ್ಬರು ‘ಇವರನ್ನು ಕೈಬಿಡಬೇಡಿ’ ಎಂದಾಗ ಹೊಟ್ಟೆಪಾಡಿಗೆ ಬಂದವನೂ ಆ ಮಾತಿನಲ್ಲಿ ಇರುತ್ತಾನೆ. ಗೃಹಮಂತ್ರಿ ‘ಇವರು ನಿರಾಶ್ರಿತರಲ್ಲ’ ಎಂದಾಗ ಅದೇ ಮನುಷ್ಯ ಪಟ್ಟಿಯ ಹೊರಗಿರುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರ ಮುಂದಿರುವ ಪುಸ್ತಕ ಒಂದಲ್ಲ.

2015ರ ಸೆಪ್ಟೆಂಬರ್ 6ರಂದು ಪೋಪ್ ಫ್ರಾನ್ಸಿಸ್ ಅವರು ಯುರೋಪಿನ ಪ್ರತಿ ಧರ್ಮಕೇಂದ್ರ (ಊರಿನ ಚರ್ಚು), ಪ್ರತಿ ಮಠ ಒಂದೊಂದು ಕುಟುಂಬಕ್ಕೆ ಜಾಗ ಕೊಡಲಿ ಎಂದು ಕರೆ ಕೊಟ್ಟರು. ವ್ಯಾಟಿಕನ್‌ನ ಎರಡು ಧರ್ಮಕೇಂದ್ರಗಳೂ ಕೊಡುತ್ತವೆ ಎಂದರು. ಆ ವರ್ಷ ಸಮುದ್ರ ದಾಟಿ ಯುರೋಪ್ ಸೇರಿದವರು 10 ಲಕ್ಷಕ್ಕೂ ಹೆಚ್ಚು. ಹಂಗೇರಿಯ ಬಿಷಪ್ ಲಾಸ್ಲೊ ಕಿಷ್-ರಿಗೊ ‘ಇದು ಆಕ್ರಮಣ, ಪೋಪರಿಗೆ ಇಲ್ಲಿನ ಪರಿಸ್ಥಿತಿ ಗೊತ್ತಿಲ್ಲ’ ಎಂಬರ್ಥದಲ್ಲಿ ಮಾತಾಡಿದರು. ಅದೇ ಹಂಗೇರಿಯ ವಾಟ್ಸ್ ಊರಿನ ಬಿಷಪ್ ಮಿಕ್ಲೋಶ್ ಬೇರ್ ಬಂದವರ ಪರ ನಿಂತರು. ‘ಕಥೋಲಿಕ ನಾಯಕತ್ವ’ ಎಂದು ಒಂದೇ ಗಂಟಲು ಇರುವಂತೆ ಬರೆಯುವವರಿಗೆ ಈ ಒಂದು ದೇಶದ ಉದಾಹರಣೆ ಸಾಕು.

ನಮ್ಮ ಅಂಕಣಗಳಲ್ಲಿ ನಾನು ಒಮ್ಮೆಯೂ ಕಾಣದ ಇನ್ನೊಂದು ಸಂಗತಿ ಇದೆ. 2016ರ ನವೆಂಬರ್ 1ರಂದು ಸ್ವೀಡನ್‌ನಿಂದ ಮರಳುವಾಗ ವಿಮಾನದಲ್ಲಿ ಇದೇ ಫ್ರಾನ್ಸಿಸ್ ಅವರು ಪತ್ರಕರ್ತರಿಗೆ ಹೇಳಿದ್ದು: ನಿರಾಶ್ರಿತನ ಎದುರು ಮನಸ್ಸಿನ ಬಾಗಿಲು ಮುಚ್ಚಲಾಗದು, ಆದರೆ ಆಳುವವರಿಗೆ ವಿವೇಕ ಬೇಕು, ಎಷ್ಟು ಜನರನ್ನು ತಮ್ಮೊಳಗೆ ಬೆರೆಸಿಕೊಳ್ಳಲು ಸಾಧ್ಯ ಎಂದು ಲೆಕ್ಕ ಹಾಕಬೇಕು, ಲೆಕ್ಕ ತಪ್ಪಿದರೆ ರಾಜಕೀಯವಾಗಿ ಬೆಲೆ ತೆರಬೇಕಾಗುತ್ತದೆ. 2013ರ ವಲಸಿಗರ ದಿನದ ಸಂದೇಶದಲ್ಲಿ ಆಗಿನ ಪೋಪ್ ಬೆನೆಡಿಕ್ಟ್ ಅವರು ವಲಸೆ ಹೋಗುವ ಹಕ್ಕಿಗಿಂತ ಮೊದಲು ವಲಸೆ ಹೋಗದೆ ಸ್ವಂತ ನೆಲದಲ್ಲೇ ಉಳಿಯುವ ಹಕ್ಕನ್ನು ಎತ್ತಿ ಹೇಳಿದ್ದರು. ಈಗಿನ ಪೋಪ್ ಲಿಯೊ 2025ರ ನವೆಂಬರ್‌ನಲ್ಲಿ ಯಾರು, ಹೇಗೆ, ಯಾವಾಗ ಬರಬೇಕೆಂದು ನಿರ್ಧರಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ ಎಂದು ಹೇಳಿ, ಅಮೆರಿಕದಲ್ಲಿ ವರ್ಷಗಟ್ಟಲೆ ನೆಟ್ಟಗೆ ಬಾಳಿದವರನ್ನು ನಡೆಸಿಕೊಳ್ಳುವ ರೀತಿ ಇದಲ್ಲ ಎಂದರು. ಶಿಕಾಗೊದಲ್ಲಿ ಹುಟ್ಟಿ ಪೆರುವಿನಲ್ಲಿ ಬಿಷಪ್ ಆಗಿದ್ದವರ ಮಾತು ಅದು.

ಕರೆ ಕೊಡುವುದು ಸುಲಭ, ನೆರವೇರಿಸಲು ಬಾಗಿಲು ಬೇಕು. ಕೋಣೆ ಖಾಲಿ ಇಟ್ಟ ಧರ್ಮಕೇಂದ್ರ ಒಂದು ಸಿರಿಯನ್ ಕುಟುಂಬವನ್ನು ತಾನೇ ಕರೆಸಿಕೊಳ್ಳಲಾಗದು. ವೀಸಾ ಕೊಡುವುದು ಸರ್ಕಾರ. ಈ ತೊಡಕನ್ನು ಬಿಡಿಸಿದ್ದು ರೋಮ್‌ನ ಸಾಂತ್ ಎಜಿದಿಯೊ ಎಂಬ ಕಥೋಲಿಕ ಸಮುದಾಯ. ಇಟಲಿಯ ಪ್ರಾಟೆಸ್ಟೆಂಟ್ ಸಭೆಗಳ ಜೊತೆ ಸೇರಿ 2015ರ ಡಿಸೆಂಬರ್‌ನಲ್ಲಿ ಸರ್ಕಾರದೊಂದಿಗೆ ಅದು ಒಪ್ಪಂದ ಮಾಡಿಕೊಂಡಿತು. ಕ್ರಮ ಹೀಗೆ: ಲೆಬನಾನ್‌ನ ಶಿಬಿರಗಳಲ್ಲಿ ಕಾರ್ಯಕರ್ತರು ರೋಗಿಗಳು, ಒಂಟಿ ತಾಯಂದಿರು, ಮಕ್ಕಳ ಪಟ್ಟಿ ಮಾಡುತ್ತಾರೆ, ಇಟಲಿಯ ಗೃಹ ಇಲಾಖೆ ಹೆಸರುಗಳನ್ನು ತಪಾಸಣೆ ಮಾಡುತ್ತದೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಯುರೋಪಿನ ವೀಸಾ ಸಂಹಿತೆಯ 25ನೇ ವಿಧಿಯಡಿ ಇಟಲಿಗೆ ಮಾತ್ರ ಸಲ್ಲುವ ವೀಸಾ ಸಿಗುತ್ತದೆ, ವಿಮಾನದಲ್ಲಿ ರೋಮ್‌ಗೆ ಬಂದಿಳಿದು ಆಶ್ರಯದ ಅರ್ಜಿ ಹಾಕುತ್ತಾರೆ. ಟಿಕೆಟ್, ಮನೆ, ಭಾಷೆ ಕಲಿಕೆ ಎಲ್ಲದರ ಖರ್ಚು ಸಭೆಗಳದು. ದೋಣಿ ದಲ್ಲಾಳಿಗೆ ಕಾಸಿಲ್ಲ, ಕಡಲಲ್ಲಿ ಹೆಣವಿಲ್ಲ, ಬಂದವನು ಯಾರೆಂದು ಮೊದಲೇ ಗೊತ್ತು. ಸಂಪ್ರದಾಯವಾದಿ ಕೇಳುವುದೂ ಇದನ್ನೇ ತಾನೆ? ಕೊರತೆ ಇರುವುದು ಸಂಖ್ಯೆಯಲ್ಲಿ. ಮೊದಲ ಒಪ್ಪಂದ ಎರಡು ವರ್ಷಕ್ಕೆ 1,000 ಜನರದ್ದು. 2016 ಒಂದೇ ವರ್ಷದಲ್ಲಿ ಕಡಲ ದಾರಿಯಿಂದ ಇಟಲಿ ತಲುಪಿದವರು 1.8 ಲಕ್ಷ.

ಕೆನಡಾದ್ದು ಇದಕ್ಕಿಂತ ಹಳೆಯದು, ದೊಡ್ಡದು. ಐದು ಜನ ನಾಗರಿಕರು ಅಥವಾ ಕಾಯಂ ನಿವಾಸಿಗಳು ಸೇರಿ, ಇಲ್ಲವೆ ಚರ್ಚಿನಂಥ ಸಂಸ್ಥೆಯೊಂದು ಸರ್ಕಾರದೊಂದಿಗೆ ಕರಾರು ಮಾಡಿಕೊಂಡು, ಒಂದು ಕುಟುಂಬದ ಹೊಣೆ ಹೊರುವ ಪದ್ಧತಿ ಅದು. (ಐದು ಜನರ ಗುಂಪುಗಳ ಹೊಸ ಅರ್ಜಿಗಳನ್ನು ಸರ್ಕಾರ 2024ರ ನವೆಂಬರ್ ಕೊನೆಯಲ್ಲಿ ತಡೆಹಿಡಿಯಿತು.) ಹಣ ಇದೆ ಎಂದು ಮೊದಲೇ ತೋರಿಸಬೇಕು. ಸಾಮಾನ್ಯವಾಗಿ 12 ತಿಂಗಳು ಬಾಡಿಗೆ, ಊಟ, ಬಟ್ಟೆ, ಮಕ್ಕಳ ಶಾಲೆ, ಕೆಲಸ ಹುಡುಕುವುದು ಎಲ್ಲ ಆ ಗುಂಪಿನ ಜವಾಬ್ದಾರಿ. 1979ರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳಿಂದ ಜನ ತಪ್ಪಿಸಿಕೊಂಡು ಓಡಿದಾಗ ಜೋ ಕ್ಲಾರ್ಕ್ ಅವರ ಸರ್ಕಾರ, ಜನರು ಒಬ್ಬರನ್ನು ಕರೆಸಿಕೊಂಡರೆ ತಾನೂ ಒಬ್ಬರನ್ನು ಕರೆಸಿಕೊಳ್ಳುತ್ತೇನೆ ಎಂದಿತು. 1979-80ರಲ್ಲಿ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂಥ ಖಾಸಗಿ ಜಾಮೀನಿನ ಮೇಲೆ ಬಂದವರು. ಜೋ ಕ್ಲಾರ್ಕ್ ಅವರದು ಸಂಪ್ರದಾಯವಾದಿ ಪಕ್ಷ ಎನ್ನುವುದನ್ನು ಇಲ್ಲಿ ಸೇರಿಸಲೇಬೇಕು. ಉಪದೇಶ ಮಾಡುವವರೇ ಜೇಬಿಗೆ ಕೈ ಹಾಕುವ ಈ ಪದ್ಧತಿ ನಮ್ಮ ಅಂಕಣಕಾರರ ಕಣ್ಣಿಗೆ ಯಾಕೆ ಬೀಳುವುದಿಲ್ಲವೋ.

ಯುರೋಪಿನಲ್ಲಿ ನಿಜವಾಗಿ ಕೆಟ್ಟದ್ದು ಎಲ್ಲಿ? ಪೋಪರ ಪ್ರವಚನದಲ್ಲಲ್ಲ, ಡಬ್ಲಿನ್ ನಿಯಮದಲ್ಲಿ. ಇದರ ಪ್ರಕಾರ ಆಶ್ರಯಾರ್ಥಿ ಮೊದಲು ಕಾಲಿಟ್ಟ ದೇಶವೇ ಬಹುಪಾಲು ಅವನ ಅರ್ಜಿಯ ಹೊಣೆ ಹೊರಬೇಕು. ನಕಾಶೆ ನೋಡಿದರೆ ಸಾಕು, ಹೊರೆ ಪೂರ್ತಿ ಗ್ರೀಸ್, ಇಟಲಿಯ ತಲೆಗೆ. ಅವರು ಬೆರಳಚ್ಚು ತೆಗೆಯಲು ಉದಾಸೀನ ಮಾಡಿದರು, ಜನ ಉತ್ತರಕ್ಕೆ ನಡೆದರು. ಜರ್ಮನಿ ಯಾರನ್ನಾದರೂ ಮೊದಲ ದೇಶಕ್ಕೆ ವಾಪಸು ಕಳಿಸಬೇಕೆಂದರೆ ಆ ದೇಶ ಒಪ್ಪಿದ ಮೇಲೆ ಆರು ತಿಂಗಳೊಳಗೆ ಕಳಿಸಬೇಕು. ಗಡುವು ದಾಟಿದರೆ ಹೊಣೆ ಜರ್ಮನಿಗೇ ಬರುತ್ತದೆ. ಪೊಲೀಸರು ಹೋದ ದಿನ ಮನುಷ್ಯ ಕೋಣೆಯಲ್ಲಿ ಇಲ್ಲದಿದ್ದರೆ ಆಯಿತು, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ. 2024ರ ಆಗಸ್ಟ್‌ನಲ್ಲಿ ಸೋಲಿಂಗನ್ ಊರಿನ ಹಬ್ಬದಲ್ಲಿ ಮೂವರನ್ನು ಇರಿದು ಕೊಂದ ಸಿರಿಯನ್ ವ್ಯಕ್ತಿಯನ್ನು ಹಿಂದಿನ ವರ್ಷವೇ ಬಲ್ಗೇರಿಯಾಕ್ಕೆ ಕಳಿಸಬೇಕಿತ್ತು. ಹೋದಾಗ ಸಿಗಲಿಲ್ಲ, ಗಡುವು ಮುಗಿಯಿತು, ಉಳಿದುಕೊಂಡ. ಆ ಘಟನೆ ನಡೆದು ಹತ್ತು ದಿನ ಕಳೆಯುವ ಮೊದಲೇ ತುರಿಂಗಿಯಾ ರಾಜ್ಯದ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ಬಲಪಂಥೀಯ ಎಎಫ್‌ಡಿ ಪಕ್ಷ ಸುಮಾರು ಶೇ 33 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು.

ಇಲ್ಲಿ ಧರ್ಮಸಭೆಯ ಮೇಲೆ ನ್ಯಾಯವಾಗಿ ಹೊರಿಸಬಹುದಾದ ಒಂದು ಆಕ್ಷೇಪ ಇದೆ. ಜರ್ಮನಿಯಲ್ಲಿ ‘ಚರ್ಚಿನ ಆಶ್ರಯ’ ಎಂಬ ರೂಢಿ ಉಂಟು. ಗಡೀಪಾರಿನ ಆದೇಶ ಇರುವವರನ್ನು ಧರ್ಮಕೇಂದ್ರ ತನ್ನ ಕಟ್ಟಡದಲ್ಲಿ ಇಟ್ಟುಕೊಳ್ಳುತ್ತದೆ. ಪೊಲೀಸರು ಸಾಮಾನ್ಯವಾಗಿ ಒಳಗೆ ಹೋಗುವುದಿಲ್ಲ. ವಿಳಾಸವನ್ನು ವಲಸೆ ಕಚೇರಿಗೆ ತಿಳಿಸುತ್ತಾರೆ, ಪ್ರಕರಣದ ವಿಶೇಷ ಕಷ್ಟ ವಿವರಿಸಿ ಕಡತ ಸಲ್ಲಿಸುತ್ತಾರೆ. ಬಹುತೇಕ ಪ್ರಕರಣಗಳು ಡಬ್ಲಿನ್ ಪ್ರಕರಣಗಳೇ. ಆರು ತಿಂಗಳು ಒಳಗಿದ್ದರೆ ಗಡುವು ತಾನಾಗಿ ದಾಟುತ್ತದೆ. ಒಬ್ಬೊಬ್ಬರ ಕಷ್ಟ ನಿಜವಿರಬಹುದು. ಆದರೆ ‘ಕಾನೂನು ಪಾಲಿಸಬೇಕು’ ಎಂದು 2241ನೇ ಕಂಡಿಕೆಯಲ್ಲಿ ಬರೆದವರೇ ಕಾನೂನಿನ ಗಡುವನ್ನು ಗೋಡೆಯೊಳಗೆ ಕುಳಿತು ಕಳೆಯಲು ನೆರವಾದರೆ ಹೊರಗೆ ನಿಂತವನಿಗೆ ಏನನ್ನಿಸಬೇಕು? ಜರ್ಮನಿಯ ಕಥೋಲಿಕ ಬಿಷಪ್ಪರು 2024ರ ಫೆಬ್ರವರಿಯಲ್ಲಿ ಎಎಫ್‌ಡಿಗೆ ಕ್ರೈಸ್ತರು ಮತ ಹಾಕಲಾಗದು ಎಂದು ಒಮ್ಮತದ ಹೇಳಿಕೆ ಹೊರಡಿಸಿದರು. ವಂಶ-ರಕ್ತದ ರಾಷ್ಟ್ರೀಯತೆಗೂ ಕ್ರೈಸ್ತ ಧರ್ಮಕ್ಕೂ ಹೊಂದಾಣಿಕೆಯಿಲ್ಲ ಎಂಬ ಅವರ ತರ್ಕ ಸರಿಯೇ. ಒಂದು ವರ್ಷದ ಬಳಿಕ, 2025ರ ಫೆಬ್ರವರಿಯ ರಾಷ್ಟ್ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಬಿದ್ದ ಮತ ಶೇ 20.8.

ಜನಮರುಳು ನಾಯಕರ ಲೆಕ್ಕವನ್ನೂ ನೋಡೋಣ, ಅವರದೇನು ಚೊಕ್ಕವಲ್ಲ. ಹಂಗೇರಿ 2015ರಲ್ಲಿ ಸೆರ್ಬಿಯಾ ಗಡಿಗೆ 175 ಕಿ.ಮೀ. ಬೇಲಿ ಹಾಕಿತು. ಜನ ನಿಲ್ಲಲಿಲ್ಲ, ಕ್ರೊಯೇಷಿಯಾ, ಸ್ಲೊವೇನಿಯಾ ಕಡೆ ತಿರುಗಿದರು. ಗದ್ದೆಗೆ ಬರುವ ನೀರಿಗೆ ಒಂದು ಕಡೆ ಅಡ್ಡ ಕಟ್ಟಿದರೆ ಪಕ್ಕದವನ ಗದ್ದೆ ತುಂಬುತ್ತದೆ, ಅಷ್ಟೇ. ಹರಿವು ನಿಜಕ್ಕೂ ಇಳಿದದ್ದು 2016ರ ಮಾರ್ಚ್‌ನಲ್ಲಿ ಯುರೋಪ್ ಟರ್ಕಿಯೊಂದಿಗೆ ಮಾಡಿಕೊಂಡ ಒಪ್ಪಂದದ ನಂತರ. ಟರ್ಕಿಯಲ್ಲಿರುವ ಸಿರಿಯನ್ನರ ವೆಚ್ಚಕ್ಕೆ ಮೊದಲು 300 ಕೋಟಿ, ಮತ್ತೆ 300 ಕೋಟಿ ಯೂರೊ ಎಂದು ಮಾತಾಯಿತು. ಗ್ರೀಸ್‌ಗೆ ಕಡಲಿನಿಂದ ಬಂದವರು 2015ರಲ್ಲಿ 8.5 ಲಕ್ಷ, 2017ರಲ್ಲಿ ಸುಮಾರು 30,000. ಬಾಲ್ಕನ್ ದಾರಿ ಮುಚ್ಚಿದ್ದೂ ಇದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಬೇಲಿಯ ಫೋಟೊ ಹಿಡಿದು ಮತ ಕೇಳಿದವರು ಆ ಹಣದ ಚೀಟಿಯನ್ನು ತೋರಿಸಲಿಲ್ಲ.

ಗ್ರೀಸ್, ಇಟಲಿ ತಲುಪಿದ ಆಶ್ರಯಾರ್ಥಿಗಳನ್ನು ಯುರೋಪಿನ ದೇಶಗಳು ಹಂಚಿಕೊಳ್ಳಬೇಕಿತ್ತು, ಅದರಲ್ಲಿ ಹಂಗೇರಿಗೆ ಗೊತ್ತುಮಾಡಿದ ಪಾಲು 1,294 ಜನ. ಇದರ ವಿರುದ್ಧ ಆ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಜನಮತಗಣನೆ ನಡೆಸಿತು. ಸಿಂಧು ಮತಗಳಲ್ಲಿ ಶೇ 98 ‘ಬೇಡ’. ನಮ್ಮ ಅಂಕಣಗಳಲ್ಲಿ ಬರುವುದು ಇಷ್ಟೇ. ಸಿಂಧು ಮತ ಹಾಕಿದವರು ಶೇ 50ನ್ನು ಮುಟ್ಟದ ಕಾರಣ ಆ ಫಲಿತಾಂಶಕ್ಕೆ ಕಾನೂನಿನ ಬೆಲೆ ಇರಲಿಲ್ಲ ಎನ್ನುವುದು ಬರುವುದಿಲ್ಲ. ಆಶ್ರಯ ಕಾನೂನನ್ನು ಪಾಲಿಸದ್ದಕ್ಕೆ 2024ರ ಜೂನ್‌ನಲ್ಲಿ ಯುರೋಪಿನ ನ್ಯಾಯಾಲಯ ಹಂಗೇರಿಗೆ 20 ಕೋಟಿ ಯೂರೊ ದಂಡ, ಸರಿಪಡಿಸುವ ತನಕ ದಿನಕ್ಕೆ 10 ಲಕ್ಷ ಯೂರೊ ಎಂದು ತೀರ್ಪು ಕೊಟ್ಟಿತು. 1,294 ಜನರಿಗೆ ಮನೆ ಕಟ್ಟಿಸಿ ಕೊಟ್ಟಿದ್ದರೂ ಇಷ್ಟಾಗುತ್ತಿತ್ತೇ ಎಂದು ಯಾರಾದರೂ ಭಾಗಾಕಾರ ಮಾಡಿ ನೋಡಬಹುದು.

ಅಮೆರಿಕದ ಜಗಳದಲ್ಲಿ ತತ್ತ್ವವೂ ಬೆರೆತಿದೆ. 2019ರಲ್ಲಿ ಕಥೋಲಿಕರಾದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ 2025ರ ಜನವರಿಯಲ್ಲಿ ಹೇಳಿದ್ದು: ಪ್ರೀತಿಗೆ ಒಂದು ಕ್ರಮ ಇದೆ, ಮೊದಲು ಮನೆ, ಆಮೇಲೆ ನೆರೆ, ಊರು, ದೇಶ, ಕೊನೆಗೆ ಜಗತ್ತು. ಕನ್ನಡದಲ್ಲಿ ಇದನ್ನು ‘ಮನೆಗೆ ಮಾರಿ, ಊರಿಗೆ ಉಪಕಾರಿ ಆಗಬೇಡ’ ಎಂದು ಐದು ಪದಗಳಲ್ಲಿ ಮುಗಿಸುತ್ತೇವೆ. ಫೆಬ್ರವರಿ 10ರಂದು ಫ್ರಾನ್ಸಿಸ್ ಅವರು ಅಮೆರಿಕದ ಬಿಷಪ್ಪರಿಗೆ ಬರೆದ ಪತ್ರದಲ್ಲಿ, ನಿಜವಾದ ಕ್ರಮ ಗೊತ್ತಾಗುವುದು ದಾರಿಯಲ್ಲಿ ಬಿದ್ದ ಅಪರಿಚಿತನನ್ನು ಎತ್ತಿದ ಸಮಾರ್ಯದವನ ಬೈಬಲ್ ನೀತಿಕಥೆಯಿಂದ ಎಂದರು. ವ್ಯಾನ್ಸ್ ಅವರ ಮಾತಿಗೆ ಆಧಾರವಿಲ್ಲದಿಲ್ಲ. ಮಧ್ಯಯುಗದ ಕಥೋಲಿಕ ತತ್ತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸ್ ಅಂಥ ಕ್ರಮವನ್ನು ಬರೆದಿದ್ದಾರೆ. ಆದರೆ ಅಲ್ಲೇ ಕೆಲವು ಪುಟಗಳ ಮುಂದೆ, ಅಷ್ಟೇನೂ ಕೊರತೆಯಿಲ್ಲದ ತಂದೆಗಿಂತ ಸಾವಿನ ಅಂಚಿನಲ್ಲಿರುವ ಪರಕೀಯನಿಗೆ ಮೊದಲು ಕೈ ಚಾಚಬೇಕಾದ ಸಂದರ್ಭ ಉಂಟು ಎಂದೂ ಬರೆದಿದ್ದಾರೆ. ಮತ್ತೆ ಅದೇ ಕಥೆ, ಅರ್ಧ ಪುಟದ್ದು.

ಅಮೆರಿಕದ ಬಿಷಪ್ಪರು ವಲಸೆಯಿಂದ ದುಡ್ಡು ಮಾಡುತ್ತಿದ್ದಾರೆ ಎಂಬ ಆರೋಪ ಅಲ್ಲಿಂದ ನಮ್ಮಲ್ಲಿಗೂ ಬಂದಿದೆ. ಬಿಷಪ್ಪರ ಸಂಸ್ಥೆಗಳಿಗೆ ಸರ್ಕಾರ ಕೊಡುತ್ತಿದ್ದ ಅನುದಾನದ ದೊಡ್ಡ ಪಾಲು ಹೋಗುತ್ತಿದ್ದುದು ಬೇಲಿ ಹಾರಿದವರಿಗಲ್ಲ, ಸರ್ಕಾರವೇ ಆರಿಸಿ ತಂದ ನಿರಾಶ್ರಿತರಿಗೆ. ಹೊರದೇಶದ ಶಿಬಿರದಲ್ಲಿ ನೋಂದಣಿ, ಬೆರಳಚ್ಚು, ಭದ್ರತಾ ಸಂಸ್ಥೆಗಳ ತಪಾಸಣೆ, ಅಮೆರಿಕದ ಅಧಿಕಾರಿಯಿಂದ ಎದುರುಬದುರು ಸಂದರ್ಶನ, ವೈದ್ಯಕೀಯ ಪರೀಕ್ಷೆ, ಇಷ್ಟು ಮುಗಿಯಲು ಒಂದೂವರೆ-ಎರಡು ವರ್ಷ ಹಿಡಿಯುತ್ತಿತ್ತು. ವಿಮಾನದ ಟಿಕೆಟ್ ಕೂಡ ಬಡ್ಡಿಯಿಲ್ಲದ ಸಾಲ; ಬಂದವನೇ ಕಂತಿನಲ್ಲಿ ತೀರಿಸಬೇಕಿತ್ತು. ಮೊದಲ 90 ದಿನ ಮನೆ, ಪಾತ್ರೆ-ಪಗಡ, ಮಕ್ಕಳ ಶಾಲೆ, ಕೆಲಸ ಹೊಂದಿಸುವುದು ಚರ್ಚಿನ ಸಂಸ್ಥೆಗಳ ಪಾಲಿನ ಕೆಲಸವಾಗಿತ್ತು. 2025ರ ಜನವರಿ 20ರಂದು ಈ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ಏಪ್ರಿಲ್‌ನಲ್ಲಿ ಬಿಷಪ್ಪರು ಸರ್ಕಾರದೊಂದಿಗಿನ ಒಪ್ಪಂದ ನವೀಕರಿಸುವುದಿಲ್ಲ ಎಂದರು. 2024ರ ಮಿತಿ 1,25,000 ಇತ್ತು. 2026ರ ಆರ್ಥಿಕ ವರ್ಷಕ್ಕೆ 7,500. ಹೆಬ್ಬಾಗಿಲಿನಲ್ಲಿ ಸಾಲಾಗಿ ನಿಂತವರಿಗೇ ಮೊದಲು ಪೆಟ್ಟು ಬಿತ್ತು. ‘ಕಾನೂನಿನ ದಾರಿಯಲ್ಲಿ ಬನ್ನಿ’ ಎನ್ನುವವರು ಇದನ್ನು ಸಮರ್ಥಿಸುವುದು ನನಗೆ ಅರ್ಥವಾಗದು.

ಇನ್ನು ನಮ್ಮ ಸುತ್ತಲಿನದು. 1966ರಿಂದ ಮುಂಡಗೋಡಿನಲ್ಲಿ ಟಿಬೆಟನ್ನರು ಇದ್ದಾರೆ. ಸಹಿ ಹಾಕದ ದೇಶ, ಪೋಪರ ಕರೆಯಿಲ್ಲದ ರಾಜ್ಯ ಆ ಕೆಲಸ ಮಾಡಿತು. ಎಷ್ಟು ಜನ, ಎಷ್ಟು ನೆಲ, ಯಾವ ಊರು ಎಂದು ಮೊದಲೇ ಗೊತ್ತಿತ್ತು. ನೆಲ ಗೇಣಿಗೆ ಕೊಟ್ಟದ್ದು, ಮಾರಿದ್ದಲ್ಲ. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. ಶಾಲೆ, ಸಹಕಾರ ಸಂಘ, ಮಠ ಎಲ್ಲ ಒಂದೇ ಕಡೆ. ಅಲ್ಲಿ ಹುಟ್ಟಿ ಬೆಳೆದವರ ಪೌರತ್ವದ ಪ್ರಶ್ನೆ ದಶಕಗಟ್ಟಲೆ ಎಳೆಯಿತು ಎನ್ನುವುದು ಆ ವ್ಯವಸ್ಥೆಯ ಕುಂದು. ಆದರೂ ಅದರ ಹೆಸರಿನಲ್ಲಿ ನಮ್ಮಲ್ಲಿ ಒಂದು ಚುನಾವಣೆಯೂ ನಡೆಯಲಿಲ್ಲ.

1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಎದ್ದವರನ್ನು ಕಾಡಿನ ನೆಲಕ್ಕೆ ತಂದುಬಿಟ್ಟರು, ಆ ನೆಲವನ್ನು ಕಾಗದದಲ್ಲಿ ಅರಣ್ಯದಿಂದ ಬಿಡಿಸುವುದು ಬಾಕಿ ಉಳಿಯಿತು; 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೆಹಲಿಯ ಒಪ್ಪಿಗೆಯೂ ಬೇಕಾಯಿತು. ಪಹಣಿ ಇಲ್ಲದವನಿಗೆ ಬ್ಯಾಂಕಿನ ಸಾಲ ಇಲ್ಲ, ಅಡಕೆ ಗಿಡ ಫಸಲು ಕೊಟ್ಟರೂ ನೆಲ ಅವನದಲ್ಲ. ಇಂಥವರ ನಡುವೆ ನಿಂತು ಒಬ್ಬ ‘ಹೊರಗಿನವರಿಗೆ ಗೇಣಿಗೆ ನೆಲ ಸಿಕ್ಕಿತು, ನಿಮಗೆ ಹಕ್ಕುಪತ್ರ ಸಿಕ್ಕಿತೇ?’ ಎಂದು ಕೇಳಿದರೆ ಕೇಳಿದವನು ಟಿಬೆಟನ್ನರ ವೈರಿಯಾಗಿರಬೇಕಿಲ್ಲ, ಜಾಣನಾಗಿದ್ದರೆ ಸಾಕು. ತುರಿಂಗಿಯಾದಲ್ಲಿ, ಪೂರ್ವ ಹಂಗೇರಿಯ ಬಡ ಹಳ್ಳಿಗಳಲ್ಲಿ ಕೇಳುತ್ತಿರುವುದು ಇದೇ ಪ್ರಶ್ನೆ. ಅಲ್ಲಿನ ಬಿಷಪ್ಪರು ಅದನ್ನು ದ್ವೇಷ ಎಂದು ಮಾತ್ರ ಓದುತ್ತಾರೆ, ಇಲ್ಲಿನ ಅಂಕಣಕಾರರು ಅದನ್ನು ಜನರ ವಿವೇಕ ಎಂದು ಮಾತ್ರ ಓದುತ್ತಾರೆ. ಬಾಕಿ ಉಳಿದ ಕಡತವನ್ನು ಇಬ್ಬರೂ ಕೇಳುವುದಿಲ್ಲ.

ಯುರೋಪ್ 2024ರಲ್ಲಿ ಒಪ್ಪಿದ ಹೊಸ ವಲಸೆ ಒಪ್ಪಂದ 2026ರ ಜೂನ್‌ನಿಂದ ಜಾರಿಯಾಗುವಂಥದ್ದು. ಅದರಲ್ಲಿ ತನ್ನ ಪಾಲಿನ ಜನರನ್ನು ತೆಗೆದುಕೊಳ್ಳದ ದೇಶ ತಲೆಗೆ 20,000 ಯೂರೊ ಕೊಟ್ಟು ಕೈತೊಳೆದುಕೊಳ್ಳಬಹುದು. ಇದರ ಮೇಲೆ ಅಂಕಣಗಳು ಸಾಲುಗಟ್ಟಿ ಬರುವುದು ಖಂಡಿತ. ಅನುವಾದಕ್ಕೆ ಕೂರುವವರು ಆಶ್ರಯಾರ್ಥಿ ಯಾರು, ನಿರಾಶ್ರಿತ ಯಾರು ಎಂದು ಬೇರೆ ಬೇರೆ ಬರೆಯುವಂತೆ ನಿಮ್ಮ ಸುದ್ದಿಮನೆಯಿಂದ ಒಂದು ಸೂಚನೆ ಹೋಗಲಿ ಎಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ,
ಸಾಗರ, ಶಿವಮೊಗ್ಗ ಜಿಲ್ಲೆ